ಮಾರ್ಕೋನಿಯನ್ನು ಬಿಡಿ, ಯಂತ್ರ ತೋರಿಸಿ

ನಮಸ್ಕಾರ. ಸ್ವೀಡನ್ನಿನ ಗ್ರಿಮೆಟನ್ ರೇಡಿಯೋ ಕೇಂದ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ.

ಮೊದಲ ಎರಡು ಪುಟ ಮಾರ್ಕೋನಿಗೇ ಹೋಗಿವೆ. ಅದೆಲ್ಲ ಶಾಲೆಯಲ್ಲೇ ಓದಿದ್ದು ಅಲ್ವಾ? ಪೂರ್ತಿ ತೆಗೆಯಿರಿ. 'ಗತವೈಭವದ ಮೌನ ಸಾಕ್ಷಿ' ಅಂತ ನಾಲ್ಕು ಕಡೆ ಬರೆದಿದ್ದೀರಿ. ಮೌನ ಎಲ್ಲಿಂದ ಬಂತು? ಜುಲೈ 2ರ ಹತ್ತಿರದ ಭಾನುವಾರ, ಆಮೇಲೆ ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ, ಅದು ಸಾಮಾನ್ಯವಾಗಿ ಇವತ್ತಿಗೂ ಮೋರ್ಸ್ ಸಂದೇಶ ಕಳಿಸುತ್ತದೆ. ಕರೆ ಹೆಸರು ಎಸ್‌ಎಕ್ಯೂ.

ಲೇಖನದ ಜೀವ ಐದನೇ ಪುಟದ ಒಂದು ಸಾಲಿನಲ್ಲಿ ಮುಗಿದುಹೋಗಿದೆ: 'ಅಲ್ಲಿ ಅಲೆಕ್ಸಾಂಡರ್ಸನ್ ಆಲ್ಟರ್ನೇಟರ್ ಇದೆ.' ಇದೆ, ಸರಿ. ಅದು ಮಾಡುವುದೇನು? ರೇಡಿಯೋ ಅಲೆ ಹುಟ್ಟಿಸಲು ಅಲ್ಲಿ ವಾಲ್ವ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ. ಇರುವುದು 1.6 ಮೀಟರ್ ಅಗಲದ ಉಕ್ಕಿನ ಚಕ್ರ, ಅಂಚಿನ ಸುತ್ತ 488 ಸೀಳು. ಗಾಳಿ ತಡೆಯದಿರಲಿ ಅಂತ ಆ ಸೀಳುಗಳಿಗೆ ಅಯಸ್ಕಾಂತಕ್ಕೆ ಅಂಟದ ವಸ್ತು ತುಂಬಿದ್ದಾರೆ. ಮೋಟಾರು ಚಕ್ರವನ್ನು ನಿಮಿಷಕ್ಕೆ 2,115 ಸುತ್ತು ತಿರುಗಿಸುತ್ತದೆ. ಸೆಕೆಂಡಿಗೆ 35ಕ್ಕಿಂತ ಸ್ವಲ್ಪ ಜಾಸ್ತಿ. ಒಂದೊಂದು ಸೀಳು ಸುರುಳಿಯ ಮುಂದೆ ಹಾದಾಗಲೂ ಕರೆಂಟಿನ ಒಂದು ಅಲೆ ಹುಟ್ಟುತ್ತದೆ, ಹಾಗಾಗಿ 488ರಿಂದ ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 17,200 ಬರುತ್ತದೆ. ಕೇಂದ್ರದ 17.2 ಕಿಲೋಹರ್ಟ್ಸ್ ಅಂದರೆ ಇದೇ! ನಮ್ಮ ಮನೆಗೆ 50 ಹರ್ಟ್ಸ್ ಕರೆಂಟು ಕೊಡುವ ಜನರೇಟರಿನ ಜಾತಿಯದ್ದೇ ಇದೂ, ಆದರೆ ಆವರ್ತನ ಬಹಳ ಹೆಚ್ಚು. ಮೋರ್ಸ್ ಕೀಲಿ ಒತ್ತಿದಾಗ ಹೊರೆ ಬಿದ್ದು ಚಕ್ರ ನಿಧಾನವಾಗಲು ನೋಡುತ್ತದೆ. ನಿಧಾನವಾದರೆ ಆವರ್ತನವೇ ಜಾರುತ್ತದೆ. ಆ ವೇಗವನ್ನು ಹಿಡಿದಿಡುವ ಪಾಡು ಇದೆಯಲ್ಲ, ಅದನ್ನು ಒಂದು ಪುಟ ಬರೆಯಿರಿ. 127 ಮೀಟರಿನ ಆರು ಗೋಪುರಗಳ ವರ್ಣನೆಗೆ ಎರಡು ಸಾಲು ಸಾಕು.

ಇನ್ನು ತಪ್ಪುಗಳು. ರಾಜ ಐದನೇ ಗುಸ್ತಾವ್ ಉದ್ಘಾಟಿಸಿದ್ದು 1925ರ ಜುಲೈ 2ರಂದು. 1924ರ ಡಿಸೆಂಬರ್‌ನಲ್ಲಿ ಶುರುವಾದದ್ದು ಸಂದೇಶ ಕಳಿಸುವ ಕೆಲಸ ಮಾತ್ರ. ಈ ಯಂತ್ರ ರೂಪಿಸಿದ ಅಲೆಕ್ಸಾಂಡರ್ಸನ್ 'ಅಮೆರಿಕದವರು' ಅಂತ ಸುಮ್ನೆ ಬರೆದುಬಿಟ್ಟಿದ್ದೀರಿ. ಹುಟ್ಟಿದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ, ದುಡಿದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ.

'ಕಾಲ ಮೀರಿದ ಆವರ್ತನ' ಅನ್ನುವ ಮಾತೂ ಹೋಗಲಿ. ಈ ಅಲೆಗಳು ಉಪ್ಪುನೀರಿನೊಳಗೂ ಕೆಲವು ಮೀಟರ್ ಇಳಿಯುತ್ತವೆ. ತಿರುನೆಲ್ವೇಲಿ ಬಳಿಯ ನಮ್ಮ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರ ಜಲಾಂತರ್ಗಾಮಿಗಳನ್ನು ತಲುಪುವುದು ಇದೇ ಆವರ್ತನ ಪಟ್ಟಿಯಲ್ಲಿ. ಓದುಗರಿಗೆ ಇದು ಬೇಕು.

ಆರು ಪುಟವನ್ನು ಮೂರಕ್ಕೆ ಇಳಿಸಿ. ಫೋಟೋ ಇದ್ದರೆ ಚಕ್ರದ್ದು ಕಳಿಸಿ. ಮತ್ತೆ ಓದುತ್ತೇನೆ.

– ಸಂಪಾದಕ