ಕೊಂಡಿಯಿಲ್ಲದ ಇಳಕಲ್ ಸೀರೆ

ತಿಪಟೂರಿನ ಓದುಗರೊಬ್ಬರ ಪತ್ರ. ನಿವೃತ್ತ ಶಿಕ್ಷಕಿ, ಹೆಸರು ಹಾಕಬೇಡಿ ಎಂದಿದ್ದಾರೆ. ಸೊಸೆಯ ಸೀಮಂತಕ್ಕೆಂದು ಆನ್‌ಲೈನಿನಲ್ಲಿ 2,650 ರೂಪಾಯಿ ಕೊಟ್ಟು ‘ಕೈಮಗ್ಗದ ಇಳಕಲ್’ ತರಿಸಿದರು. ಬಂದದ್ದು ಪಾಲಿಯೆಸ್ಟರ್. ವಾಪಸು ತೆಗೆದುಕೊಳ್ಳಿ ಅಂದರೆ ‘ಇದಕ್ಕೆ ರಿಟರ್ನ್ ಇಲ್ಲ’ ಎಂಬ ಉತ್ತರ. ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಫೋನ್ ಮಾಡಿದರು. ಅಚ್ಚ ಕನ್ನಡದಲ್ಲಿ ಮಾತಾಡಿದವನೊಬ್ಬ ‘ದುಡ್ಡು ವಾಪಸು ಹಾಕ್ತೀನಿ, ಪಿನ್ ಒತ್ತಿ ಅಮ್ಮಾ’ ಎಂದ. ಒತ್ತಿದರು. ಖಾತೆಯಿಂದ 18,400 ಹೋಯಿತು. ‘ಪಾಠ ಹೇಳಿದವಳು ನಾನೇ ಮೋಸ ಹೋದೆ. ಮಗನಿಗೂ ಹೇಳಿಲ್ಲ. ಸೀರೆಯ ದುಡ್ಡಾದರೂ ಸಿಗುತ್ತದೆಯೇ?’ ಎಂದು ಕೇಳಿದ್ದಾರೆ.

ಮೇಡಂ,

ನಿಮ್ಮ ಪತ್ರ ಕೈಗೆ ಬಂದಾಗ ದುಡ್ಡು ಹೋಗಿ ಹದಿಮೂರು ದಿನವಾಗಿತ್ತು. ಉತ್ತರ ಅಚ್ಚಾಗುವ ತನಕ ಕಾಯುವುದು ಬೇಡವೆಂದು ಅವತ್ತೇ ಫೋನ್ ಮಾಡಿದ್ದೆ. ಆಗ ಹೇಳಿದ್ದನ್ನೇ ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನೀವು ಎರಡು ನಷ್ಟವನ್ನು ಒಂದೇ ಗಂಟು ಕಟ್ಟಿದ್ದೀರಿ. ಸೀರೆಯದು ವ್ಯಾಪಾರದ ಜಗಳ, ಅದಕ್ಕೆ ಸಮಯವಿದೆ. 18,400 ಕಳವು, ಅದಕ್ಕೆ ಸಮಯವಿಲ್ಲ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದಷ್ಟೂ ಅದು ಯಾವುದಾದರೂ ಖಾತೆಯಲ್ಲಿ ಇರುವಾಗಲೇ ತಡೆಹಿಡಿಯುವ ಅವಕಾಶ ಹೆಚ್ಚು. ಜೊತೆಗೇ ಬ್ಯಾಂಕಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ನಷ್ಟವಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆಯಿಲ್ಲ. ನಿಮ್ಮ ವಿಷಯದಲ್ಲಿ ಪಿನ್ ಒತ್ತಿದ್ದು ನೀವೇ. ಹಾಗಾಗಿ ಬ್ಯಾಂಕು ಕೈ ತೊಳೆದುಕೊಳ್ಳಬಹುದು. ಸುಳ್ಳು ಭರವಸೆ ಕೊಡಲಾರೆ. ಆದರೆ ತಿಳಿಸಿದ ಮೇಲೂ ಹೋಗುವ ದುಡ್ಡಿಗೆ ಬ್ಯಾಂಕೇ ಹೊಣೆ. ತಡವಾಗಿಯಾದರೂ ದೂರು ಕೊಡಿ ಎಂದು ನಾನು ಪಟ್ಟು ಹಿಡಿದದ್ದು ಅದಕ್ಕೇ.

ಹದಿಮೂರು ದಿನ ಕಳೆದದ್ದು ಕಾನೂನು ಗೊತ್ತಿಲ್ಲದೆ ಅಲ್ಲ, ನಾಚಿಕೆಯಿಂದ. ಇದು ನನಗೂ ಗೊತ್ತು. ಹೋದ ವರ್ಷ ನಮ್ಮ ಮನೆಗೆ, ನನ್ನದೇ ಹೆಸರು ವಿಳಾಸ ಬರೆದ ಪಾರ್ಸೆಲ್ ಬಂತು. ನಾನು ತರಿಸಿರಬೇಕೆಂದು ಹೆಂಡತಿ, ಅವಳು ತರಿಸಿರಬೇಕೆಂದು ನಾನು. 699 ಕೊಟ್ಟು ಬಿಡಿಸಿಕೊಂಡೆವು. ಒಳಗಿದ್ದದ್ದು ಎರಡು ಹಳೇ ಕರ್ಚೀಫು. ಕಚೇರಿಯಲ್ಲಿ ಒಂದು ತಿಂಗಳು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟ ದಿನ ಇನ್ನಿಬ್ಬರು ತಮ್ಮ ಕಥೆ ಹೇಳಿದರು! ನಿಮ್ಮ ಮಗನಿಗೆ ಹೇಳಿ ಮೇಡಂ. ಬೈದರೆ ಬೈಯಲಿ.

ಆ ನಂಬರಿನ ವಿಷಯ. ಹುಡುಕಿದಾಗ ಮೊದಲು ಕಾಣುವುದು ಕಂಪನಿಯದೇ ನಂಬರ್ ಎಂದೇನೂ ಇಲ್ಲ. ವಂಚಕರೂ ಅಲ್ಲಿ ಬೋರ್ಡು ಹಾಕಿಕೊಂಡು ಕೂತಿರುತ್ತಾರೆ. ಯಾವ ಆ್ಯಪಿನಲ್ಲಿ ಕೊಂಡಿರೋ ಅದರೊಳಗಿನ ಸಹಾಯ ವಿಭಾಗದಿಂದಲೇ ಮಾತಾಡಿ. ಯುಪಿಐ ಪಿನ್ ಇರುವುದು ದುಡ್ಡು ಕೊಡುವುದಕ್ಕೆ. ಬರುವ ದುಡ್ಡಿಗೆ ಪಿನ್ ಬೇಕಾಗುವುದೇ ಇಲ್ಲ.

ಈಗ ಸೀರೆ. ಬೆಳಕಿಗೆ ಹಿಡಿದು ನೋಡಿ ಎಂದಿದ್ದೆನಲ್ಲ? ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗೆ (ಉದ್ದಕ್ಕೆ ಓಡುವ ನೂಲಿಗೆ) ಸೆರಗಿನ ಹಾಸು ಎಳೆಯನ್ನು ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಅದೇ ಕೊಂಡಿ. ನೀವು ಕಳಿಸಿದ ಫೋಟೋದಲ್ಲಿ ಒಡಲು ಕೆಂಪು ಸೆರಗಿಗೆ ತಿರುಗುವ ಕಡೆ ಕುಣಿಕೆಯ ಗುರುತೇ ಇಲ್ಲ, ಬಣ್ಣ ಮಾತ್ರ ಬದಲಾಗಿದೆ. ಆ ಒಂದು ಫೋಟೋವೇ ನಿಮ್ಮ ಸಾಕ್ಷಿ.

‘ರಿಟರ್ನ್ ಇಲ್ಲ’ ಎಂಬ ಮಾತಿಗೆ ಹೆದರಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ, ದೋಷವಿರುವ ಅಥವಾ ನಕಲಿ ವಸ್ತುವನ್ನು ವಾಪಸು ಪಡೆಯುವುದಿಲ್ಲ ಎನ್ನಲು ಮಾರಾಟಗಾರನಿಗೆ ಬರುವುದಿಲ್ಲ. (ಬಣ್ಣ ಹಿಡಿಸಲಿಲ್ಲ ಎಂಬುದು ಬೇರೆ ಮಾತು, ಅಲ್ಲಿ ಅವರ ಷರತ್ತೇ ನಡೆಯುತ್ತದೆ.) ಆ್ಯಪಿನಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಇರಲೇಬೇಕು. ಅವರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಮಾರಿದವನ ವಿಳಾಸವನ್ನೂ ಲಿಖಿತವಾಗಿ ಕೇಳಿ. ಕೊಡಬೇಕಾದದ್ದು ಅವರ ಕರ್ತವ್ಯ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದಕ್ಕೂ ಮಣಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಯಾವ ಊರಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಕಡೆಯೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಟ್ಟರಾಯಿತು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ. ನಲವತ್ತು ವರ್ಷ ಪತ್ರಲೇಖನ ಕಲಿಸಿದವರು ನೀವು. ದೂರು ನಿಮಗಿಂತ ಚೆನ್ನಾಗಿ ಯಾರು ಬರೆದಾರು?

ಅಂದಹಾಗೆ, ಸೀರೆಯನ್ನು ಒಗೆಯಬೇಡಿ, ಫಾಲ್ ಹಚ್ಚಿಸಬೇಡಿ. ಬಂದ ಕವರು, ಬಿಲ್ಲು, ಆ್ಯಪಿನಲ್ಲಿ ‘ಕೈಮಗ್ಗ’ ಎಂದು ಬರೆದಿದ್ದ ಪುಟದ ಸ್ಕ್ರೀನ್‌ಶಾಟ್ ಎಲ್ಲ ಒಟ್ಟಿಗಿರಲಿ. ಆ ಪುಟವನ್ನು ಅವರು ಯಾವಾಗ ಬೇಕಾದರೂ ತೆಗೆದುಹಾಕಬಹುದು, ಅದನ್ನು ಇವತ್ತೇ ತೆಗೆದಿಟ್ಟುಕೊಳ್ಳಿ.

– ಸಂಪಾದಕ