ಕಂಬದ ಪಿಂಗಾಣಿ, ಸೈಲೆನ್ಸರ್ ಪಿಂಗಾಣಿ

ಪ್ರಶ್ನೆ: ಬೈಕಿನ ಎಂಜಿನ್ ಲೈಟ್ ಹತ್ತಿಕೊಂಡಿತ್ತು. ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದ ಮೆಕ್ಯಾನಿಕ್, ಬಿಚ್ಚಿ ತೋರಿಸಿ ಒಳಗಿರುವುದು ಪಿಂಗಾಣಿ ಅಂದ. ಕರೆಂಟ್ ಕಂಬಕ್ಕೆ ಪಿಂಗಾಣಿ ಹಾಕುವುದೇ ಕರೆಂಟ್ ಹರಿಯಬಾರದು ಅಂತ ಅಲ್ವಾ? ಅದು ಸೆನ್ಸರ್ ಹೇಗಾಯಿತು? ತೊಳೆದು ಮತ್ತೆ ಹಾಕಬಹುದಾ?
— ಒಬ್ಬ ಓದುಗ, ತಿಪಟೂರು

ಉತ್ತರ: ಅನುಮಾನ ಸರಿಯಾಗಿಯೇ ಇದೆ. ತಣ್ಣಗಿದ್ದಾಗ ಇದರಲ್ಲೂ ಏನೂ ಹರಿಯುವುದಿಲ್ಲ. ಸುಮಾರು 300 ಡಿಗ್ರಿ ದಾಟಬೇಕು, ಆಮೇಲೆ ಆಟ ಶುರು. ಆಗಲೂ ಹರಿಯುವುದು ಎಲೆಕ್ಟ್ರಾನ್ ಅಲ್ಲ, ಆಕ್ಸಿಜನ್ನೇ ಅಯಾನು, ಅಂದರೆ ಚಾರ್ಜ್ ಹೊತ್ತ ಕಣ, ಆಗಿ ಪಿಂಗಾಣಿಯೊಳಗೆ ನುಸುಳುತ್ತದೆ.

ಇದು ಕಪ್ಪು-ಸಾಸರಿನ ಪಿಂಗಾಣಿಯಲ್ಲ, ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡ್. ಬರೀ ಜಿರ್ಕೋನಿಯಾವನ್ನು ಸುಟ್ಟು ಆರಿಸಿದರೆ ಹರಳಿನ ಜೋಡಣೆ ಬದಲಾಗಿ, ಉಬ್ಬಿ, ಬಿರುಕು ಬಿಡುತ್ತದೆ. ಅದಕ್ಕೇ ಯಿಟ್ರಿಯಾ ಬೆರೆಸುತ್ತಾರೆ, ರೇರ್ ಅರ್ಥ್ ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಗುಂಪಿನ ಯಿಟ್ರಿಯಂ ಲೋಹದ ಆಕ್ಸೈಡ್. ಬಿರುಕು ನಿಲ್ಲುವುದಷ್ಟೇ ಅಲ್ಲ, ಇನ್ನೊಂದು ಲಾಭವೂ ಇದೆ. ಜಿರ್ಕೋನಿಯಂ ಚಾರ್ಜ್ 4, ಯಿಟ್ರಿಯಂ ಚಾರ್ಜ್ 3, ಹಾಗಾಗಿ ಎರಡು ಯಿಟ್ರಿಯಂ ಬಂದು ಕೂತರೆ ಒಂದು ಆಕ್ಸಿಜನ್ ಸೀಟು ಖಾಲಿ ಬೀಳುತ್ತದೆ. ತುಂಬಿದ ಬಸ್ಸಿನಲ್ಲಿ ಜರುಗಲು ಆಗುತ್ತದಾ? ಸೀಟು ಖಾಲಿ ಇದ್ದರೆ ಪಕ್ಕದವರು ಜರುಗುತ್ತಾರೆ, ಅವರ ಸೀಟಿಗೆ ಇನ್ನೊಬ್ಬರು.

ಸೆನ್ಸರ್ ತುದಿ ಹೊಲಿಗೆಯವರು ಬೆರಳಿಗೆ ಹಾಕುವ ಟೋಪಿಯಂತೆ. ಒಳಗೆ ಹೊರಗಿನ ಗಾಳಿ, ಮೇಲೆ ಹೊಗೆ, ಎರಡೂ ಕಡೆ ಪ್ಲಾಟಿನಂ ಲೇಪ. ಎರಡು ಕಡೆಯ ಆಕ್ಸಿಜನ್ನಿನಲ್ಲಿ ವ್ಯತ್ಯಾಸ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಪೆಟ್ರೋಲ್ ಜಾಸ್ತಿಯಾಗಿ ಹೊಗೆಯಲ್ಲಿ ಆಕ್ಸಿಜನ್ ಉಳಿಯದಿದ್ದರೆ 0.8-0.9 ವೋಲ್ಟ್, ಗಾಳಿ ಜಾಸ್ತಿಯಾದರೆ 0.1 ಆಸುಪಾಸು. ಅದನ್ನು ನೋಡಿಕೊಂಡು ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, 1 ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿಯ ಲೆಕ್ಕಕ್ಕೆ ತರುತ್ತದೆ. ಕಾರಿಗೆ ಈ ಸೆನ್ಸರ್ ಬಂದದ್ದು 1976ರಲ್ಲಿ, ವೋಲ್ವೋದಲ್ಲಿ. ಜಿರ್ಕೋನಿಯಾ-ಯಿಟ್ರಿಯಾ ಮಿಶ್ರಣ ಮಾತ್ರ ಹಳೆಯದು. 1890ರ ದಶಕದ ಕೊನೆಯಲ್ಲೇ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಇದರಿಂದ ದೀಪ ಮಾಡಿದ್ದರು, ಅದನ್ನೂ ಮೊದಲು ಬಿಸಿ ಮಾಡಿದರೇನೇ ಹತ್ತುತ್ತಿತ್ತು!

ನಿಮ್ಮ ಸೆನ್ಸರಿಗೆ ನಾಲ್ಕು ವೈರು ಇದ್ದರೆ ಎರಡು ಹೀಟರಿನವು. ಒಂದೇ ವೈರು ಇದ್ದರೆ ಹೊಗೆಯ ಬಿಸಿಯೇ ಗತಿ.

ಸುಮ್ನೆ ಪೆಟ್ರೋಲಿನಲ್ಲಿ ತೊಳೆಯಬೇಡಿ. ಮಸಿ ಹಿಡಿದಿದ್ದರೆ ಬಿಸಿಗೆ ತಾನೇ ಸುಟ್ಟುಹೋಗುತ್ತದೆ. ಗ್ಯಾಸ್ಕೆಟ್‌ಗೆ ಬಳಿಯುವ ಸಿಲಿಕೋನ್ ಪೇಸ್ಟಿನ ಹಬೆ ಪ್ಲಾಟಿನಂ ಮೇಲೆ ಕೂತಿದ್ದರೆ ಯಾವ ತೊಳೆತಕ್ಕೂ ಬಿಡುವುದಿಲ್ಲ. ಹೊಸದಕ್ಕೆ ದುಡ್ಡು ಕೊಡುವ ಮುಂಚೆ ವೈರು, ಕನೆಕ್ಟರ್ ಒಮ್ಮೆ ನೋಡಿಸಿ. ಇಲಿ ಕಡಿದಿದ್ದರೂ ಅದೇ ಲೈಟ್ ಹತ್ತುತ್ತದೆ.