ತಂತ್ರಾಂಶಕ್ಕೆ ಎಲ್ಲಿಯ ರಾಜಕೀಯ?

ಪ್ರಶ್ನೆ: ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ, ನನ್ನ ಠೇವಣಿ ಮುರಿದು ಬಿಟ್‌ಕಾಯಿನ್ ಎಂಬ, ತಂತ್ರಾಂಶದ ಮೇಲೆ ನಡೆಯುವ ಡಿಜಿಟಲ್ ಹಣ ಕೊಳ್ಳಿ ಎಂದು ಹಟ ಹಿಡಿದಿದ್ದಾನೆ. ಅದರಲ್ಲಿ ಸರ್ಕಾರವೂ ಇಲ್ಲ, ರಾಜಕೀಯವೂ ಇಲ್ಲವಂತೆ. ಡೇವಿಡ್ ಗೊಲಂಬಿಯಾ ಎಂಬ ಪ್ರಾಧ್ಯಾಪಕರು ಅದು ಬಲಪಂಥೀಯ ರಾಜಕೀಯವೇ ಎಂದಿದ್ದಾರೆಂದು ಓದಿದೆ. ತಂತ್ರಾಂಶಕ್ಕೆ ಎಲ್ಲಿಯ ರಾಜಕೀಯ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಗೊಲಂಬಿಯಾ ಅವರನ್ನು ಕಂಪ್ಯೂಟರ್ ಅರಿಯದ ಪಂಡಿತರೆಂದು ತಳ್ಳಿಹಾಕುವಂತಿಲ್ಲ. ಸಾಹಿತ್ಯ ಕಲಿಸುತ್ತಿದ್ದರೂ ನ್ಯೂಯಾರ್ಕಿನ ಹಣಕಾಸು ವಲಯದಲ್ಲಿ ವರ್ಷಗಟ್ಟಲೆ ತಂತ್ರಾಂಶದ ಕೆಲಸ ಮಾಡಿದವರು. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದಲ್ಲಿದ್ದ ಅವರು 2023ರಲ್ಲಿ ತೀರಿಕೊಂಡರು.

ಬಿಟ್‌ಕಾಯಿನ್ ಕೊಂಡವರೆಲ್ಲ ಬಲಪಂಥೀಯರು ಎಂದು ಅವರು ಹೇಳಲಿಲ್ಲ. ಕೇಂದ್ರ ಬ್ಯಾಂಕ್ (ನಮ್ಮಲ್ಲಿ ರಿಸರ್ವ್ ಬ್ಯಾಂಕ್) ಎಂಬುದೇ ಜನರನ್ನು ದೋಚುವ ಸಂಚು, ಹಣದ ಮೇಲೆ ಸರ್ಕಾರದ ಹಿಡಿತ ಇರಲೇಕೂಡದು ಎಂಬವು ಅಮೆರಿಕದ ಕಡು ಬಲಪಂಥೀಯರ ಹಳೆಯ ಮಾತುಗಳು. ಅವೇ ಮಾತುಗಳು ಬಿಟ್‌ಕಾಯಿನ್ ಜೊತೆ ಸೇರಿ, ರಾಜಕೀಯದ ಗಂಧಗಾಳಿ ಇಲ್ಲದ ಹುಡುಗರ ಬಾಯಲ್ಲೂ ಬರತೊಡಗಿವೆ ಎಂಬುದು 2016ರ ಪುಸ್ತಕದಲ್ಲಿ ಅವರು ಮಂಡಿಸಿದ ವಾದ. ನನಗದು ಸರಿ ಎನಿಸುತ್ತದೆ. 2.1 ಕೋಟಿಗಿಂತ ಹೆಚ್ಚು ನಾಣ್ಯ ಹುಟ್ಟದಂತೆ ಬಿಟ್‌ಕಾಯಿನ್ನಿನಲ್ಲಿ ಕಟ್ಟು ಹಾಕಲಾಗಿದೆ. ನಾಡಿನಲ್ಲಿ ಹಣ ಎಷ್ಟಿರಬೇಕು ಎಂಬುದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ?

ಉಡುಪಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಇಲ್ಲೇ ಸಿಂಡಿಕೇಟ್ ಬ್ಯಾಂಕುಗಳು ಹುಟ್ಟಿದ್ದು ಊರವರ ಪರಸ್ಪರ ನಂಬಿಕೆಯಿಂದ. ಸಿಂಡಿಕೇಟಿನ ಪಿಗ್ಮಿ ಯೋಜನೆ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಆರಂಭವಾಯಿತು. ನನ್ನ ತಾಯಿ ಬೀಡಿ ಕಟ್ಟಿದ ಮಜೂರಿಯಲ್ಲಿ ಉಳಿಸಿ ಪಿಗ್ಮಿ ಕಟ್ಟುತ್ತಿದ್ದರು. ಸಂಜೆ ಏಜೆಂಟರು ಜಗಲಿಯಲ್ಲಿ ಕುಳಿತು, ಚಿಲ್ಲರೆ ಎಣಿಸಿ, ಕಾರ್ಡಿನಲ್ಲಿ ಮೊತ್ತ ಬರೆದು ಸಹಿ ಹಾಕುವರು. ಅಮ್ಮನಿಗೆ ಓದಲು ಬಾರದು. ಆದರೂ ಅಂಕಿಯ ಮೇಲೆ ಬೆರಳಿಟ್ಟು ಕೇಳುವರು. ಲೆಕ್ಕ ತಪ್ಪಿದ್ದರೆ ಶಾಖೆಗೆ ಹೋಗಿ ಜಗಳವಾಡಲು ಒಬ್ಬ ಮ್ಯಾನೇಜರ್ ಇದ್ದ. ಯಾರನ್ನೂ ನಂಬಬೇಕಿಲ್ಲ ಎಂಬುದೇ ಹೆಗ್ಗಳಿಕೆಯಾದ ಬಿಟ್‌ಕಾಯಿನ್ನಿನಲ್ಲಿ ಅಮ್ಮ ಯಾರನ್ನು ಕೇಳಬೇಕಿತ್ತು?

ಬ್ಯಾಂಕುಗಳೂ ಸಾಚಾ ಅಲ್ಲ. 2020ರ ವಿಲೀನದಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಹೆಸರುಗಳೇ ಅಳಿಸಿಹೋದವು, ಆ ನೋವು ನನಗಿನ್ನೂ ಇದೆ. ಆದರೆ ಆ ತೀರ್ಮಾನ ಕೈಗೊಂಡ ಸರ್ಕಾರವನ್ನು ಸಂಸತ್ತಿನಲ್ಲಿ ಪ್ರಶ್ನಿಸಬಹುದು, ಮತ ಹಾಕಿ ಇಳಿಸಲೂಬಹುದು.

ಠೇವಣಿ ಮುರಿಯಬೇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಬಿಟ್‌ಕಾಯಿನ್ ಲಾಭಕ್ಕೆ ಶೇಕಡಾ 30 ತೆರಿಗೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಅಣ್ಣನ ಮಗನಿಗೆ ಇದನ್ನೂ ಓದಿ ಹೇಳಿ.